ಆರು ನಿಮಿಷದ ಕೆಲಸ

ಜಂಟಿ ಖಾತೆಯ ಒಂದು ಅರ್ಜಿಗೆ ನಾವಿಬ್ಬರೂ ಬ್ಯಾಂಕಿಗೆ ಹೋಗಿ ಎದುರಿಗೇ ಸಹಿ ಹಾಕಬೇಕಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಮುಗಿಸಿಬಿಡೋಣ ಎಂದುಕೊಂಡೆವು.

ನನ್ನ ಬಿಡುವು 1ರಿಂದ 2. ಬ್ಯಾಂಕು 5 ಕಿಲೋಮೀಟರ್ ದೂರ, ಸ್ಕೂಟರಿನಲ್ಲಿ ಸಿಗ್ನಲ್ ಎಲ್ಲಾ ಸೇರಿ 20 ನಿಮಿಷ. 1.20ಕ್ಕೆ ತಲುಪಿದರೂ 1.40ಕ್ಕೆ ಹೊರಡಲೇಬೇಕು. ಹೆಂಡತಿಗೆ ಬಿಡುವು ಸಿಗುವುದೇ 1.30ಕ್ಕೆ. ಅವಳ ಆಫೀಸಿಗೆ ಬ್ಯಾಂಕು ಹತ್ತಿರ, ಐದೇ ನಿಮಿಷ. ಹಾಗಾಗಿ 1.35ರಿಂದ 1.40ರವರೆಗೆ ಇಬ್ಬರೂ ಒಂದೇ ಕೌಂಟರಿನ ಮುಂದೆ ಇರಬಹುದು. ಲೆಕ್ಕ ಕೂಡಿಬಂತು ಎಂದು ಬೀಗಿದೆ.

1.38ಕ್ಕೆ ಫೋನು.

"ರೀ, ಗಾಡಿ ನಿಲ್ಲಿಸೋಕೆ ಜಾಗಾನೇ ಸಿಗ್ತಿಲ್ಲ. ಒಂಚೂರು ಇರಿ."

"ಎರಡಕ್ಕೆ ಮೀಟಿಂಗ್ ಇದೆ ಕಣೇ."

ನನ್ನೊಬ್ಬನ ಸಹಿಯಾದರೂ ಆಗಲಿ ಎಂದು ಅರ್ಜಿ ಮುಂದಿಟ್ಟೆ. "ಇಬ್ಬರೂ ಒಟ್ಟಿಗೆ ಬನ್ನಿ ಸರ್" ಎಂದು ಗುಮಾಸ್ತರು ಹಿಂದಕ್ಕೆ ತಳ್ಳಿದರು. ಮಡಚಿ ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿದೆ.

ಸ್ವೀಡನ್ನಿನ ಭೂಗೋಳಶಾಸ್ತ್ರಜ್ಞ ಟಾರ್ಸ್ಟನ್ ಹೇಗರ್‌ಸ್ಟ್ರಾಂಡ್ 1970ರ ಒಂದು ಪ್ರಬಂಧದಲ್ಲಿ ಇಂಥ ಕಟ್ಟುಪಾಡುಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. ದೇಹಕ್ಕೂ ವಾಹನಕ್ಕೂ ಇರುವ ಮಿತಿ ಒಂದು. ಇನ್ನೊಬ್ಬರ ಜೊತೆ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಇರಬೇಕಾದ ಕಟ್ಟು ಇನ್ನೊಂದು. ಬಾಗಿಲು ಯಾವಾಗ ತೆರೆಯಬೇಕು, ಯಾರನ್ನು ಒಳಗೆ ಬಿಡಬೇಕು ಎನ್ನುವ ಅಧಿಕಾರ ಮೂರನೆಯದು. ಮೂರೂ ಅವತ್ತು ಒಟ್ಟಿಗೇ ನನ್ನ ಮೈಮೇಲೆ ಬಂದವು.

ರಾತ್ರಿ ಅದೇ ಅರ್ಜಿಯ ಬೆನ್ನಿಗೆ ಅವರ ರೀತಿಯಲ್ಲೇ ಚಿತ್ರ ಬರೆದೆ: ಅಡ್ಡಕ್ಕೆ ಜಾಗ, ಉದ್ದಕ್ಕೆ ಗಡಿಯಾರ. ಸುಮ್ಮನೆ ಕೂತವನ ಗೆರೆಯೂ ನೆಟ್ಟಗೆ ಮೇಲೇರುತ್ತದೆ. ಹೊರಟವನ ಗೆರೆ ಓರೆಯಾಗುತ್ತದೆ, ಎಷ್ಟು ವೇಗವೋ ಅಷ್ಟು ಓರೆ. 1 ಗಂಟೆಗೊಂದು, 2 ಗಂಟೆಗೊಂದು ಮೊಳೆ ಹೊಡೆದರೆ ನಡುವೆ ನಾನು ಮುಟ್ಟಬಹುದಾದ ಜಗತ್ತೆಲ್ಲ ಒಂದು ವಜ್ರದಾಕಾರದೊಳಗೆ ಮುಗಿಯಿತು. ಸಹಿಗೆಂದು 20 ನಿಮಿಷ ತೆಗೆದಿಟ್ಟರೆ ಸ್ಕೂಟರಿನಲ್ಲಿ 5 ಕಿಲೋಮೀಟರ್. ನಡೆದುಹೋಗುವವನಿಗೆ ಒಂದೂವರೆ ಚಿಲ್ಲರೆ, ಅಷ್ಟೇ. ಅವಳ ವಜ್ರ ನನ್ನದಕ್ಕೆ ತಗುಲಿದ್ದು ಒಂದು ಮೂಲೆಯಲ್ಲಿ ಮಾತ್ರ. ಪಾರ್ಕಿಂಗ್ ಆ ಮೂಲೆಯನ್ನೇ ತಿಂದುಹಾಕಿತ್ತು. ಅಲ್ಲೇ ಸುತ್ತಿದರೂ ಗಡಿಯಾರ ನಿಲ್ಲುವುದಿಲ್ಲವಲ್ಲ!

"ಇದನ್ನ ಬೆಳಗ್ಗೇನೇ ಬರೀಬೇಕಿತ್ತು" ಅಂದಳು.

ಮುಂದಿನ ವಾರ ಇಬ್ಬರೂ ಅರ್ಧ ದಿನ ರಜೆ ಹಾಕಿದೆವು. ಬೆನ್ನಿಗೆ ಚಿತ್ರವಿದ್ದ ಅರ್ಜಿ ನಡೆಯುವುದಿಲ್ಲವೆಂದು ಹೊಸದು ಕೊಟ್ಟರು. ಅದನ್ನು ತುಂಬಿದ್ದೂ ಸೇರಿ ಆರು ನಿಮಿಷ ಹಿಡಿಯಿತು.