ಹುಷಾರಿಲ್ಲ, ನೀವೇ ನೋಡ್ಕೊಳ್ಳಿ

ಇವತ್ತು ದೊಡ್ಡ ಸಾಹೇಬರ ಮುಂದೆ ಮೀಟಿಂಗ್. ಉತ್ತರ ಕೊಡಬೇಕಾದವರೇ ಬೆಳಿಗ್ಗೆ ಗ್ರೂಪಲ್ಲಿ ಮೆಸೇಜ್ ಹಾಕಿದರು: "ಹುಷಾರಿಲ್ಲ, ನೀವೇ ನೋಡ್ಕೊಳ್ಳಿ." ಬೈಸಿಕೊಳ್ಳಲು ನಾನು ಹೋದೆ.

ಸುಮ್ನೆ ಕೂತಿದ್ದಾಗ ಅಮೆರಿಕದ ಯಾರ್ಕ್‌ಟೌನ್ ನೆನಪಾಯಿತು. 1781ರ ಅಕ್ಟೋಬರ್ 19. ಸೋತ ಬ್ರಿಟಿಷ್ ಸೈನ್ಯ ಅಮೆರಿಕನ್ನರಿಗೆ ಶರಣಾಗುವ ದಿನ. ಆ ಸೈನ್ಯದ ದಳಪತಿ ಕಾರ್ನ್‌ವಾಲಿಸ್ ಬರಲೇ ಇಲ್ಲ. ಮೈ ಸರಿಯಿಲ್ಲವಂತೆ!

ಶರಣಾಗತಿಯ ಕತ್ತಿ ಹಿಡಿದು ಬಂದದ್ದು ಅವನ ಕೈಕೆಳಗಿನ ಓಹಾರ. ಮೊದಲು ಅಮೆರಿಕನ್ನರ ಜೊತೆಗಿದ್ದ ಫ್ರೆಂಚ್ ದಳಪತಿ ರೋಶಾಂಬೋ ಹತ್ತಿರ ಹೋದ. ಆತ ವಾಷಿಂಗ್ಟನ್ ಕಡೆ ಕೈ ತೋರಿಸಿದ. ವಾಷಿಂಗ್ಟನ್ ತನ್ನ ಕೈಕೆಳಗಿನ ಲಿಂಕನ್ ಕಡೆ ತೋರಿಸಿದ. (ಅಬ್ರಹಾಂ ಅಲ್ಲ, ಬೆಂಜಮಿನ್.) ಹಿಂದಿನ ವರ್ಷವಷ್ಟೇ ಚಾರ್ಲ್ಸ್‌ಟನ್‌ನಲ್ಲಿ ಬ್ರಿಟಿಷರಿಗೆ ಶರಣಾಗಿದ್ದವನು ಈತ.

ಪಾಪ, ಆ ಕತ್ತಿ. ಫೈಲಿನ ಹಾಗೆ ಟೇಬಲಿಂದ ಟೇಬಲಿಗೆ ಅಲೆಯಿತು.

ಹತ್ತು ವರ್ಷ ಕಳೆದು, 1791ರಲ್ಲಿ, ಅದೇ ಕಾರ್ನ್‌ವಾಲಿಸ್ ನಮ್ಮ ಬೆಂಗಳೂರು ಕೋಟೆ ಮುಂದೆ ನಿಂತಿದ್ದ. ಆಗ ಆರೋಗ್ಯ ಚೆನ್ನಾಗೇ ಇತ್ತು ಅನ್ಸುತ್ತೆ.

ಸಂಜೆ ನಮ್ಮವರು ಫೋನ್ ಮಾಡಿದರು. "ಮೀಟಿಂಗ್ ಹೇಗಾಯ್ತು?" ದನಿ ಖಣಖಣ ಅನ್ನುತ್ತಿತ್ತು.