ಕೊನೆಯ ವಾಕ್ಯವೇ ತೀರ್ಮಾನ ಅಂದುಕೊಂಡವರಿಗೆ

‘ಈ ವಾದದ ಮುಖ್ಯ ತೀರ್ಮಾನ ಯಾವುದು?’ ಕಾನೂನು ಪದವಿಯ ಪ್ರವೇಶ ಪರೀಕ್ಷೆಗಳಾದ ನಮ್ಮ ಕ್ಲ್ಯಾಟ್‌ನ ತಾರ್ಕಿಕ ವಿಭಾಗದಲ್ಲೂ ಅಮೆರಿಕದ ಎಲ್‌ಸ್ಯಾಟ್‌ನಲ್ಲೂ ಈ ಬಗೆಯ ಪ್ರಶ್ನೆ ಬರುತ್ತದೆ. ನೋಡಲು ಸಲೀಸು. ಅದಕ್ಕೇ ಅವಸರದಲ್ಲಿ ಕೊನೆಯ ವಾಕ್ಯಕ್ಕೆ ಗುರುತು ಹಾಕಿ ಮುಂದೆ ಹೋಗುವವರು ಹೆಚ್ಚು. ಕ್ಲ್ಯಾಟ್‌ನಲ್ಲಿ ಹಾಗೆ ತಪ್ಪಿದರೆ 1 ಅಂಕ ಕೈಬಿಡುವುದಲ್ಲದೆ, ಮೇಲೆ 0.25 ಕಡಿತ.

ಇದನ್ನು ಓದಿ:

‘ಹೂಳೆತ್ತಿದರೆ ಕೆರೆ ತುಂಬುತ್ತದೆ ಎಂದು ಹಲವರು ನಂಬಿದ್ದಾರೆ. ಆದರೆ ಅಷ್ಟರಿಂದಲೇ ತುಂಬುವುದಿಲ್ಲ. ನೀರು ತರುವ ಕಾಲುವೆಗಳು ಮುಚ್ಚಿಹೋಗಿವೆ. ಮಳೆ ಬಂದರೂ ನೀರು ರಸ್ತೆಗೆ ಹರಿಯುತ್ತದೆ.’

ತೀರ್ಮಾನ ಇರುವುದು ಎರಡನೆಯ ವಾಕ್ಯದಲ್ಲಿ. ಮೊದಲನೆಯದು ಪೂರ್ವಪಕ್ಷ, ಅಂದರೆ ಬರೆದವನು ಬೀಳಿಸಲೆಂದೇ ನಿಲ್ಲಿಸಿದ ಎದುರಾಳಿಯ ಮಾತು. ‘ಎಂದು ಹಲವರು’, ‘ಎನ್ನುವವರಿದ್ದಾರೆ’, ‘ಎಂಬ ಮಾತಿದೆ’ ಎಂದು ವಾದ ಶುರುವಾಯಿತೋ, ಹಿಂದೆಯೇ ಬರುವ ‘ಆದರೆ’ಯ ಮೇಲೆ ಕಣ್ಣಿಡಿ. ಬಹುತೇಕ ಅಲ್ಲೇ ಬರೆದವನ ಸ್ವಂತ ನಿಲುವು ಸಿಗುತ್ತದೆ.

ಅನುಮಾನವಿದ್ದರೆ ಎರಡು ವಾಕ್ಯಗಳ ನಡುವೆ ‘ಏಕೆಂದರೆ’ ಇಟ್ಟು ನೋಡಿ. ‘ಅಷ್ಟರಿಂದಲೇ ತುಂಬುವುದಿಲ್ಲ, ಏಕೆಂದರೆ ಕಾಲುವೆಗಳು ಮುಚ್ಚಿಹೋಗಿವೆ’: ಕೂಡಿಕೊಂಡಿತು. ತಿರುಗಿಸಿ ಹೇಳಿ: ‘ಕಾಲುವೆಗಳು ಮುಚ್ಚಿಹೋಗಿವೆ, ಏಕೆಂದರೆ ಅಷ್ಟರಿಂದಲೇ ತುಂಬುವುದಿಲ್ಲ’. ಅಸಂಬದ್ಧ. ‘ಏಕೆಂದರೆ’ಯ ಎಡಕ್ಕೆ ನಿಲ್ಲುವುದು ತೀರ್ಮಾನ, ಬಲಕ್ಕೆ ನಿಲ್ಲುವುದು ಆಧಾರ.

ಆಮೇಲೆ ‘ಅಷ್ಟರಿಂದ’, ‘ಇದು’, ‘ಆ ಯೋಜನೆ’ ಇಂಥ ಪದಗಳನ್ನು ಬಿಡಿಸಿಕೊಳ್ಳಿ. ತೀರ್ಮಾನವನ್ನು ಪೂರ್ತಿಯಾಗಿ ಹೇಳಿದರೆ ‘ಹೂಳೆತ್ತಿದ ಮಾತ್ರಕ್ಕೆ ಕೆರೆ ತುಂಬುವುದಿಲ್ಲ’ ಎಂದಾಗುತ್ತದೆ. ಇದನ್ನು ಆಯ್ಕೆಗಳನ್ನು ನೋಡುವ ಮೊದಲೇ ಮನಸ್ಸಿನಲ್ಲಿ ಹೇಳಿಕೊಳ್ಳಬೇಕು. ನೋಡಿದ ಮೇಲೆ ಅವೇ ನಿಮ್ಮನ್ನು ಎಳೆಯುತ್ತವೆ. ‘ಹೂಳೆತ್ತುವುದು ವ್ಯರ್ಥ’ ಎಂಬ ಆಯ್ಕೆ ಹೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ‘ಕಾಲುವೆಗಳು ಮುಚ್ಚಿಹೋಗಿವೆ’ ವಾದದಲ್ಲಿದೆ, ಆದರೆ ಆಧಾರವಾಗಿ. ಇನ್ನು ‘ಕಾಲುವೆಗಳನ್ನು ಕೂಡಲೇ ತೆರವುಗೊಳಿಸಬೇಕು’ ಎಂಬುದು ಎಲ್ಲಕ್ಕಿಂತ ಮೋಸದ ಆಯ್ಕೆ: ಮಾತು ಸರಿಯಾಗಿಯೇ ಇದೆ, ನೀವೂ ಒಪ್ಪುತ್ತೀರಿ, ಆದರೆ ಬರೆದವನು ಅದನ್ನು ಹೇಳಿಲ್ಲ.

‘ಆದ್ದರಿಂದ’, ‘ಹಾಗಾಗಿ’ ಕಂಡ ಕೂಡಲೇ ನಂಬುವುದೂ ತಪ್ಪು. ‘ಹಾಸ್ಟೆಲ್‌ನ ಟ್ಯಾಂಕನ್ನು ಆರು ತಿಂಗಳಿಂದ ತೊಳೆದಿಲ್ಲ. ಆದ್ದರಿಂದ ಅದರ ನೀರು ಕುಡಿಯಲು ಯೋಗ್ಯವಲ್ಲ. ವಿದ್ಯಾರ್ಥಿಗಳಿಗೆ ಬೇರೆ ನೀರಿನ ವ್ಯವಸ್ಥೆ ಮಾಡಬೇಕು.’ ನಡುವಿನ ವಾಕ್ಯ ಮೊದಲನೆಯದಕ್ಕೆ ತೀರ್ಮಾನ, ಮೂರನೆಯದಕ್ಕೆ ಆಧಾರ. ಇದು ಉಪತೀರ್ಮಾನ. ಬೇರೆ ವಾಕ್ಯದಿಂದ ಆಧಾರ ಪಡೆದು, ತಾನು ಮಾತ್ರ ಯಾವುದಕ್ಕೂ ಆಧಾರವಾಗದೆ ಉಳಿದದ್ದು ಮುಖ್ಯ ತೀರ್ಮಾನ. ಇಲ್ಲಿ ಅದಕ್ಕೆ ‘ಆದ್ದರಿಂದ’ದ ಹಣೆಪಟ್ಟಿಯೇ ಇಲ್ಲ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಕಾರಣ ಮತ್ತು ತೀರ್ಮಾನ ಎರಡೂ ಒಂದೇ ವಾಕ್ಯದಲ್ಲಿ ಅಡಗಿರುತ್ತವೆ: ‘ಟ್ಯಾಂಕ್ ತೊಳೆಯದೇ ಇರುವುದರಿಂದ ನೀರು ಕುಡಿಯಬಾರದು.’ ‘-ಉದರಿಂದ’ ಎಂಬಲ್ಲಿಗೆ ವಾಕ್ಯವನ್ನು ಕತ್ತರಿಸಿ ಎರಡು ತುಂಡು ಮಾಡಿ. ಕೊನೆಯ ಕ್ರಿಯಾಪದ ಇರುವ ತುಂಡು ತೀರ್ಮಾನ. ಇಡೀ ವಾಕ್ಯವನ್ನೇ ತೀರ್ಮಾನ ಎಂದು ಗುರುತಿಸಿದರೆ ಆಧಾರವೂ ಅದರೊಳಗೆ ಸೇರಿಬಿಡುತ್ತದೆ.

ತೀರ್ಮಾನ ಎಲ್ಲಿ ಬೇಕಾದರೂ ಕೂರಬಹುದು ಎನ್ನುವುದಕ್ಕೆ ನಮ್ಮ ಪ್ರಾಚೀನ ತರ್ಕಶಾಸ್ತ್ರವಾದ ನ್ಯಾಯದರ್ಶನ ಹೇಳುವ ಐದು ಅವಯವಗಳೇ, ಅಂದರೆ ವಾದದ ಐದು ಭಾಗಗಳೇ ಸಾಕ್ಷಿ. ಬೆಟ್ಟದಲ್ಲಿ ಬೆಂಕಿಯಿದೆ (ಪ್ರತಿಜ್ಞೆ). ಹೊಗೆ ಇರುವುದರಿಂದ (ಹೇತು). ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯ ಹಾಗೆ (ಉದಾಹರಣೆ). ಈ ಬೆಟ್ಟದಲ್ಲೂ ಅಂಥ ಹೊಗೆಯಿದೆ (ಉಪನಯ). ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆ (ನಿಗಮನ). ಒಂದೇ ಮಾತು, ಮೊದಲೂ ಕೊನೆಗೂ. ಪತ್ರಿಕೆಯ ಸಂಪಾದಕೀಯಗಳು ಹೆಚ್ಚಾಗಿ ಪ್ರತಿಜ್ಞೆಯಿಂದ ಶುರುವಾಗಿ ನಿಗಮನವನ್ನು ಬಿಟ್ಟುಬಿಡುತ್ತವೆ. ಅಭ್ಯಾಸಕ್ಕೆ ದಿನಕ್ಕೆ ಒಂದು ಸಂಪಾದಕೀಯ ಸಾಕು.

ಕೆಲವೊಮ್ಮೆ ತೀರ್ಮಾನ ಪ್ರಶ್ನೆಯ ವೇಷದಲ್ಲೂ ಬರುತ್ತದೆ. ‘ಇಷ್ಟು ಹಳೆಯ ಬಸ್ಸುಗಳನ್ನು ಘಟ್ಟದ ರಸ್ತೆಗೆ ಬಿಡುವುದು ಸರಿಯೇ?’ ಎಂದು ಕೇಳಿದವನಿಗೆ ಉತ್ತರ ಬೇಕಿಲ್ಲ. ಅದನ್ನು ‘ಬಿಡುವುದು ಸರಿಯಲ್ಲ’ ಎಂದು ತಿರುಗಿಸಿ ಬರೆದುಕೊಂಡು, ಆಮೇಲೆ ‘ಏಕೆಂದರೆ’ ಹಚ್ಚಿ ನೋಡಿ.