ಪ್ಯಾಲಡಿನ್‌ನನ್ನು ಬಿಟ್ಟುಕೊಡದ ಜೆಲಾಟಿನಸ್ ಕ್ಯೂಬ್

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಎದುರಾದವರನ್ನು ನುಂಗುವ ಲೋಳೆಯ ಘನವಾದ ಜೆಲಾಟಿನಸ್ ಕ್ಯೂಬ್‌ನ ಟೊಳ್ಳು ಮಾದರಿಯ ಕೆಲಸ ಕೊನೆಗೂ ದಡ ಸೇರಿದೆ. ಆದರೆ ಅದಕ್ಕೂ ಮೊದಲು ಅದು ಅರ್ಧ ಆಟವನ್ನೂ ಒಬ್ಬ ಪ್ಯಾಲಡಿನ್‌ನ (ಧರ್ಮಯೋಧನ ಪಾತ್ರದ) ಮಾನವನ್ನೂ ನುಂಗಿತು. ಮಾದರಿ ಕಡೆಯುವುದು, ಸಿಲಿಕೋನ್ ಹೊಯ್ಯುವುದು, ಗುಳ್ಳೆ ತೆಗೆಯುವುದು ಎಲ್ಲರಿಗೂ ಗೊತ್ತಿರುವುದರಿಂದ ಅವನ್ನು ಬಿಟ್ಟು, ನನ್ನನ್ನು ಸತಾಯಿಸಿದ ಒಂದೇ ಸಮಸ್ಯೆಯ ಬಗ್ಗೆ, ಅಂದರೆ ಒಳಮೈ ಗಟ್ಟಿಯಾಗದೆ ಅಂಟಂಟಾಗಿ ಉಳಿಯುವುದರ ಬಗ್ಗೆ ಬರೆಯುತ್ತೇನೆ.

ಒಂದು ಅಂಗುಲಕ್ಕೆ ಐದು ಅಡಿಯ ಲೆಕ್ಕದಲ್ಲಿ ಹತ್ತು ಅಡಿಯ ಘನಕ್ಕೆ ಎರಡು ಅಂಗುಲದ ಬದಿ ಸಾಕು. ಗಟ್ಟಿ ಘನವನ್ನು ಹೊಯ್ಯುವುದು ಸುಲಭ. ಆದರೆ ಅದು ಯಾರನ್ನೂ ನುಂಗುವುದಿಲ್ಲ, ಮಿನಿಗಳ (ಪಾತ್ರಗಳ ಪುಟ್ಟ ಬೊಂಬೆಗಳ) ಪಕ್ಕದಲ್ಲಿ ಸುಮ್ಮನೆ ಕುಳಿತಿರುತ್ತದೆ. ನನಗೆ ಬೇಕಾಗಿದ್ದದ್ದು ತಳವಿಲ್ಲದ, ಮಿನಿಗಳ ಮೇಲೆ ಕವುಚಿ ಹಾಕಬಹುದಾದ ಪೆಟ್ಟಿಗೆ. ಅಚ್ಚಿನ ಹೊರಗೋಡೆಗಳಿಗೆ ಗಾಜಿನ ಹಾಳೆ, ಟೊಳ್ಳು ಮೂಡಿಸಲು ನಡುವೆ ಸಿಲಿಕೋನ್ ತಿರುಳು, ಇವೆರಡರ ನಡುವೆ ಹೊಯ್ದ ಮೇಲೆ ಗಟ್ಟಿಯಾಗುವ ಪಾಲಿಯೆಸ್ಟರ್ ರೆಸಿನ್, ನಾಲ್ಕು ಮಿಲಿಮೀಟರ್ ದಪ್ಪಕ್ಕೆ. 2014ರ ನಿಯಮದ ಪ್ರಕಾರ ಕ್ಯೂಬ್ ನಾಲ್ಕು ಮಧ್ಯಮ ಗಾತ್ರದ ಜೀವಿಗಳನ್ನು ನುಂಗಬಹುದು. ಇಪ್ಪತ್ತೈದು ಮಿಲಿಮೀಟರ್ ಪೀಠದ ಮಿನಿಗಳಾದರೆ ನನ್ನದರಲ್ಲಿ ಎರಡೇ ಹಿಡಿಯುತ್ತವೆ, ಅದೂ ಮೂಲೆಯಿಂದ ಮೂಲೆಗೆ, ಗೋಡೆಗೆ ಒತ್ತಿಕೊಂಡು.

ಆ ಒತ್ತಿಕೊಳ್ಳುವಿಕೆಯೇ ಮುಂದಿನ ಅನಾಹುತಕ್ಕೆ ದಾರಿಯಾಯಿತು. ಸುರಂಗದ ತಿರುವಿನಲ್ಲಿ ಪ್ಯಾಲಡಿನ್ ಮತ್ತು ಕುಬ್ಜ ಯೋಧ ಇಬ್ಬರೂ ಡಿಸಿ 12ರ ಚುರುಕುತನದ ಸೇವ್‌ನಲ್ಲಿ, ಅಂದರೆ ತಪ್ಪಿಸಿಕೊಳ್ಳಲು ಕನಿಷ್ಠ ಹನ್ನೆರಡು ಬೇಕಾದ ದಾಳದ ಪರೀಕ್ಷೆಯಲ್ಲಿ, ಸೋತರು. ನಾನು ಗಂಭೀರವಾಗಿ ಕ್ಯೂಬನ್ನು ಅವರ ಮೇಲಿಳಿಸಿದೆ. ಸುತ್ತಿನ ನಡುವೆ ಮಾಟಗಾತಿಯ ಮಂತ್ರದ ವ್ಯಾಪ್ತಿಯ ಕುರಿತು ದೀರ್ಘವಾದ ವಾದ ನಡೆಯಿತು, ಆಮೇಲೆ ಎಲ್ಲರೂ ವಿರಾಮಕ್ಕೆ ಎದ್ದರು. ಕ್ಯೂಬ್ ಅಷ್ಟು ಹೊತ್ತೂ ಅಲ್ಲೇ ಕುಳಿತು ತನ್ನ ಊಟ ಮಾಡುತ್ತಿತ್ತು. ಮರಳಿ ಬಂದ ಮೇಲೆ ಪ್ಯಾಲಡಿನ್‌ನ ಆಟಗಾರ ಹೊರಬರಲು ದಾಳ ಉರುಳಿಸಿದ. ಹತ್ತೊಂಬತ್ತು ಬಿತ್ತು, ಬೇಕಾಗಿದ್ದದ್ದು ಹನ್ನೆರಡು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಕ್ಯೂಬನ್ನು ಎತ್ತಿದೆ, ಮತ್ತು ಎತ್ತಿ ಹಿಡಿದ ಕತ್ತಿಯ ತುದಿಯಿಂದ ಅದರ ಛಾವಣಿಗೆ ನೇತುಬಿದ್ದ ಪ್ಯಾಲಡಿನ್ ಕ್ಯೂಬಿನೊಂದಿಗೇ ಮೇಲೆದ್ದು ಬಂದ. ನಿಯಮಪುಸ್ತಕದ ಹನ್ನೆರಡು ಈ ಕ್ಯೂಬಿಗೆ ತಿಳಿದಿಲ್ಲವೆಂದು ಕಳ್ಳನ ಪಾತ್ರದವಳು ತೀರ್ಪು ಕೊಟ್ಟಳು. ಕ್ಯೂಬಿನ 84 ಜೀವಾಂಕಗಳು ಮುಗಿದು ಅದು ಸತ್ತ ಮೇಲೂ ಅವನು ಬಿಡುಗಡೆಯಾಗಲಿಲ್ಲ; ಉಳಿದ ಆಟವನ್ನು ಅವನು ಶತ್ರುವಿನ ಶವದೊಳಗಿಂದಲೇ ಆಡಿದ.

ಬ್ಲೇಡಿನಿಂದ ಬಿಡಿಸಿದಾಗ ಇನ್ನೂ ಸೊಗಸಾದ ಸಂಗತಿ ಕಂಡಿತು. ಪ್ಲಾಸ್ಟಿಕ್ ಪ್ಯಾಲಡಿನ್‌ನ ಕತ್ತಿಯ ತುದಿ ಮೆತ್ತಗಾಗಿ ಬಾಗಿತ್ತು, ಗುರಾಣಿಯ ಅಂಚು ಕರಗಿ ದುಂಡಗಾಗಿತ್ತು. ಪಕ್ಕದಲ್ಲಿದ್ದ ಲೋಹದ ಕುಬ್ಜನಿಗೆ ಬಣ್ಣ ಕಿತ್ತದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಗಟ್ಟಿಯಾಗದ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸ್ಟೈರೀನ್ ಎಂಬ ದ್ರವ ಉಳಿದಿರುತ್ತದೆ, ಮಿನಿಯ ಪ್ಲಾಸ್ಟಿಕ್ ಪಾಲಿಸ್ಟೈರೀನ್, ಸ್ಟೈರೀನ್ ಅದನ್ನು ಕರಗಿಸುತ್ತದೆ. ಜೀವಾಂಶವನ್ನು ತಿಂದು ಲೋಹವನ್ನು ಬಿಡುವುದು ಈ ಜೀವಿಯ ಸ್ವಭಾವವೆಂದು ನಾವು ಓದಿಕೊಂಡೇ ಬಂದಿದ್ದೇವೆ. ಅದನ್ನು ಮೇಜಿನ ಮೇಲೆ ಸಾಧಿಸಿ ತೋರಿಸಿದ ಕ್ಯೂಬ್ ಇದೊಂದೇ ಇರಬೇಕು.

ಗಾಜಿಗೆ ತಾಗಿದ ಹೊರಮೈ ಕನ್ನಡಿಯಂತೆ ಗಟ್ಟಿಯಾಗಿತ್ತು, ಸಿಲಿಕೋನ್‌ಗೆ ತಾಗಿದ ಒಳಮೈ ಮಾತ್ರ ಅಂಟುತ್ತಿತ್ತು ಎಂಬಲ್ಲೇ ಕಾರಣ ಅಡಗಿತ್ತು. ಆಮ್ಲಜನಕ ಈ ರೆಸಿನ್ ಗಟ್ಟಿಯಾಗುವುದನ್ನು ತಡೆಯುತ್ತದೆ. ಗಾಜು ಆಮ್ಲಜನಕವನ್ನು ಒಳಗೆ ಬಿಡುವುದಿಲ್ಲ, ಸಿಲಿಕೋನ್ ಧಾರಾಳವಾಗಿ ಬಿಡುತ್ತದೆ. ಜೊತೆಗೆ ತೆಳುವಾದ ಗೋಡೆಯಲ್ಲಿ ಗಟ್ಟಿಯಾಗಲು ನೆರವಾಗುವ ರಾಸಾಯನಿಕ ಕ್ರಿಯೆಯ ಬಿಸಿ ನಿಲ್ಲದೆ ಹೋಗಿಬಿಡುತ್ತದೆ. ಸೀಸೆಯ ಮೇಲೆ ‘ಅಂಟಿಲ್ಲದ ಮೇಲ್ಮೈ’ ಎಂದು ಮಿಂಚುವ ಅಕ್ಷರಗಳಲ್ಲಿ ಮುದ್ರಿಸಿದ್ದ ಪೂರೈಕೆದಾರರು, ಅದಕ್ಕೆ ಬೇಕಾದ, ಗಾಳಿ ತಡೆಯುವ ಮೇಣವನ್ನು ರೆಸಿನ್‌ಗೆ ಬೆರೆಸಿಯೇ ಇರಲಿಲ್ಲ. ದೂರು ಬರೆದಾಗ ‘ಕ್ಯಾಟಲಿಸ್ಟ್ (ರೆಸಿನ್ ಗಟ್ಟಿಯಾಗಿಸುವ ರಾಸಾಯನಿಕ) ಹೆಚ್ಚು ಹಾಕಿ’ ಎಂಬ ಒಂದು ಸಾಲಿನ ಉತ್ತರ ಬಂತು. ಹೆಚ್ಚು ಹಾಕಿದಾಗ ಮೂಲೆಗಳು ಬಿರುಕುಬಿಟ್ಟವು, ಒಳಮೈ ಅಂಟುತ್ತಲೇ ಇತ್ತು. ಅವರಿಂದ ಸಿಕ್ಕ ಒಂದೇ ಸರಿಯಾದ ವಸ್ತು ಸೀಸೆಯ ಮುಚ್ಚಳ.

ಸಿಲಿಕೋನ್ ತಿರುಳಿಗೆ ಒಣಗಿ ಪೊರೆಯಾಗುವ ಪಿವಿಎ ದ್ರಾವಣ ಬಳಿದು ನೋಡಿದೆ. ನೀರಿನ ದ್ರಾವಣ ಸಿಲಿಕೋನ್ ಮೇಲೆ ಹನಿಹನಿಯಾಗಿ ಸರಿದುಹೋಯಿತು. ತಿರುಳನ್ನೇ ಗಾಜಿನದಾಗಿ ಮಾಡುವಂತಿಲ್ಲ, ಏಕೆಂದರೆ ಗಟ್ಟಿಯಾಗುವಾಗ ಕುಗ್ಗುವ ರೆಸಿನ್ ಗಡುಸಾದ ತಿರುಳನ್ನು ಬಿಗಿಯಾಗಿ ಹಿಡಿದು ತಾನೇ ಒಡೆಯುತ್ತದೆ. ಕೊನೆಗೆ ಕೈಹಿಡಿದದ್ದು ಪ್ರೊಜೆಕ್ಟರ್‌ಗಳಿಗೆ ಬಳಸುತ್ತಿದ್ದ ಹಳೆಯ ಪಾರದರ್ಶಕ ಪಾಲಿಯೆಸ್ಟರ್ ಹಾಳೆ. ಅದನ್ನು ಪೆಟ್ಟಿಗೆಯಾಗಿ ಮಡಚಿ ತಿರುಳಿಗೆ ಅಂಗಿಯಂತೆ ತೊಡಿಸಿದೆ: ಹಾಳೆ ಆಮ್ಲಜನಕವನ್ನು ತಡೆಯಿತು, ಒಳಗಿನ ಸಿಲಿಕೋನ್ ಕುಗ್ಗುವಿಕೆಗೆ ಜಾಗ ಕೊಟ್ಟಿತು, ಎರಕವಾದ ಮೇಲೆ ಹಾಳೆ ಒಂದೇ ಎಳೆತಕ್ಕೆ ಸುಲಿದು ಬಂತು. ಬೆರಳಿಟ್ಟು ಒತ್ತಿದರೆ ಗುರುತೂ ಬೀಳುವುದಿಲ್ಲ. ಮಡಿಕೆಯ ಗೆರೆಗಳು ಮೂಲೆಗಳಲ್ಲಿ ಉಳಿದಿವೆ. ಅವನ್ನು ಉಜ್ಜಿ ತೆಗೆಯುವ ತಾಳ್ಮೆ ನನಗಿಲ್ಲ, ಸುರಂಗದ ಕತ್ತಲಲ್ಲಿ ನೋಡುವವರೂ ಇಲ್ಲ.

ಪ್ಯಾಲಡಿನ್‌ಗೆ ಹೊಸ ಕತ್ತಿ ಜೋಡಿಸಿಕೊಡುತ್ತೇನೆಂದರೂ ಅವನ ಆಟಗಾರ ಒಪ್ಪುತ್ತಿಲ್ಲ; ಬಾಗಿದ ಕತ್ತಿಗೆ ಈಗ ಹೆಸರಿಟ್ಟಿದ್ದಾನೆ, ಅದಕ್ಕೊಂದು ಶಾಪವನ್ನೂ ಬರೆದುಕೊಡಬೇಕಂತೆ.

ನನ್ನ ತಲೆಯಲ್ಲಿ ಮಾತ್ರ ಈಗಾಗಲೇ ಅದೇ ಆಟದ ಕಪ್ಪು ಲೋಳೆಜೀವಿ ಬ್ಲ್ಯಾಕ್ ಪುಡಿಂಗ್ ಹರಿದಾಡುತ್ತಿದೆ. ಕತ್ತಿಯ ಏಟಿಗೆ ಎರಡಾಗುವ ಜೀವಿಯಾದ್ದರಿಂದ ಅದನ್ನು ಎರಡು ಹೋಳುಗಳಾಗಿ ಮಾಡಿ, ನಡುವೆ ನಿಯೋಡಿಮಿಯಂ ಅಯಸ್ಕಾಂತಗಳನ್ನು ಹುದುಗಿಸುವ ಯೋಚನೆಯಿದೆ. ಅದಕ್ಕೆ ಬಳಸಲಿರುವ ಪಾಲಿಯುರಿಥೇನ್ ರೆಸಿನ್‌ಗೆ ತೇವ ತಾಗಿದರೆ ನೊರೆಯೇಳುತ್ತದೆಂದು ಎಲ್ಲರೂ ಎಚ್ಚರಿಸುತ್ತಾರೆ. ಇಲ್ಲಿ ನನಗೆ ಬೇಕಿರುವುದೂ ಆ ನೊರೆಯೇ. ಪುಡಿಂಗ್ ಲೋಹವನ್ನೂ ಸವೆಸುತ್ತದೆಂದು ತಿಳಿದ ಕುಬ್ಜನ ಆಟಗಾರ ತನ್ನ ಮಿನಿಯನ್ನು ಮುಂದಿನ ಆಟಕ್ಕೆ ತರುವುದಿಲ್ಲವೆಂದು ಹೇಳಿಯಾಗಿದೆ. ಅಯಸ್ಕಾಂತಗಳು ಬಂದಿವೆ, ಆದರೆ ಧ್ರುವದ ಗುರುತು ಹಾಕಿ ಕಳಿಸಿ ಎಂದು ಬರೆದಿದ್ದರೂ ಒಂದರ ಮೇಲೂ ಗುರುತಿಲ್ಲ.